ನಿಂತ ಕಾರನ್ನು ಓಡಿಸಿದ ವಿದ್ಯೆ: ಕಾರ್ಬ್ಯುರೇಟರ್ ಕಾಲದ ಚರಿತ್ರೆ

ನಮ್ಮ ಪ್ರೌಢಶಾಲೆ ಆರಂಭವಾದ ದಿನಗಳಲ್ಲಿ ಹಳ್ಳಿಗಾಡಿನವರ ಬಾಯಲ್ಲಿ ಕಾರು ಎಂದರೆ ಎರಡೇ: ಒಂದು ಅಂಬಾಸಿಡರ್, ಇನ್ನೊಂದು ಫಿಯೆಟ್. ಮದುವೆಯ ದಿಬ್ಬಣಕ್ಕೂ ಅದೇ, ಹೆರಿಗೆ ನೋವು ಬಂದವರನ್ನು ತಾಲ್ಲೂಕು ಆಸ್ಪತ್ರೆಗೆ ಸಾಗಿಸಲೂ ಅದೇ, ಚುನಾವಣೆ ಬಂದರೆ ಮೈಕು ಕಟ್ಟಿಕೊಂಡು ತಿರುಗಲೂ ಅದೇ. ಆ ಕಾರುಗಳು ದಾರಿಯಲ್ಲಿ ನಿಲ್ಲುತ್ತಿದ್ದವು. ನಿಂತಾಗ ಡ್ರೈವರ್ ಬಾನೆಟ್ ಎತ್ತಿ, ಒಂದು ಸ್ಕ್ರೂಡ್ರೈವರ್, ಒಂದು ಸ್ಪ್ಯಾನರ್, ಒಂದು ತುಂಡು ಬಟ್ಟೆ ಹಿಡಿದು ಹತ್ತು ನಿಮಿಷದಲ್ಲಿ ಮತ್ತೆ ಓಡಿಸುತ್ತಿದ್ದ. ಅವನ ಕೈಗೆ ಸಿಕ್ಕುತ್ತಿದ್ದದ್ದು ಹೆಚ್ಚಾಗಿ ಎಂಜಿನ್ನಿನ ಪಕ್ಕದಲ್ಲಿ ಕೂತ ಒಂದು ಸಣ್ಣ ಲೋಹದ ಪಾತ್ರೆ. ಪುಸ್ತಕದಲ್ಲಿ ಅದರ ಹೆಸರು ಕಾರ್ಬ್ಯುರೇಟರ್, ಗ್ಯಾರೇಜಿನಲ್ಲಿ ಕಾರ್ಬೇಟರ್.

ಇಂದು ಮಾರಾಟವಾಗುವ ಯಾವ ಹೊಸ ಕಾರಿನಲ್ಲೂ ಅದು ಇಲ್ಲ. ಅದರ ಜೊತೆಗೆ ಬೆಳೆದ ವಿದ್ಯೆ, ಅಂದರೆ ಕಿವಿ, ಮೂಗು, ಬೆರಳುಗಳಿಂದ ದೋಷ ಪತ್ತೆ ಹಚ್ಚುವ ವಿದ್ಯೆ, ಅದನ್ನು ಬಲ್ಲವರ ಜೊತೆಗೇ ಮರೆಯಾಗುತ್ತಿದೆ. ಶಾಲೆಯ ಮೆಟ್ಟಿಲನ್ನು ಅರ್ಧಕ್ಕೇ ಇಳಿದು ಆ ವಿದ್ಯೆಯಿಂದ ಬದುಕು ಕಟ್ಟಿಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಅದಕ್ಕಾಗಿಯೇ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅದರ ಚರಿತ್ರೆಯನ್ನು ದಾಖಲಿಸುವುದು ಉಚಿತವೆನಿಸಿತು.

ಹ್ಯಾಟಿನ ಪಿನ್ನಿನಿಂದ ಆರಂಭ

ದಾರಿಯಲ್ಲಿ ನಿಂತ ಕಾರನ್ನು ಮೊದಲು ರಿಪೇರಿ ಮಾಡಿದವರಲ್ಲಿ ಒಬ್ಬರು ಮೆಕ್ಯಾನಿಕ್ ಅಲ್ಲ, ಒಬ್ಬ ಗೃಹಿಣಿ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಪಡೆದ. ಆದರೆ ಜನ ಅದನ್ನು ನಂಬಲಿಲ್ಲ. 1888ರ ಆಗಸ್ಟ್ ತಿಂಗಳಲ್ಲಿ ಅವನ ಹೆಂಡತಿ ಬರ್ಥಾ ಬೆಂಜ್, ಗಂಡನಿಗೆ ತಿಳಿಸದೆ, ಹದಿಹರೆಯದ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರುಮನೆಗೆ ಆ ಗಾಡಿಯಲ್ಲಿ ಹೊರಟಳು. ದಾರಿ ನೂರು ಕಿಲೋಮೀಟರಿಗೂ ಹೆಚ್ಚು. ಪೆಟ್ರೋಲ್ ಬಂಕ್ ಎಂಬುದು ಇನ್ನೂ ಹುಟ್ಟಿರಲಿಲ್ಲ. ವೀಸ್‌ಲೋಕ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರಾವಣವನ್ನೇ ಕೊಂಡು ಗಾಡಿಗೆ ತುಂಬಿದರು. ನಡುವೆ ಇಂಧನದ ಕೊಳವೆ ಕಟ್ಟಿಕೊಂಡಿತು. ಬರ್ಥಾ ತನ್ನ ಹ್ಯಾಟಿನ ಪಿನ್ನು ತೆಗೆದು ಕೊಳವೆಯ ಕಸ ಬಿಡಿಸಿ ಮುಂದೆ ಸಾಗಿದಳು. ಮುಂದೆ ನೂರು ವರ್ಷಕ್ಕೂ ಮೀರಿ ಜಗತ್ತಿನ ಡ್ರೈವರುಗಳು ಮಾಡಿದ್ದು ಈ ಕೆಲಸವನ್ನೇ.

ಬೆಂಜ್‌ನ ಗಾಡಿಯಲ್ಲಿ ಗಾಳಿಯನ್ನು ಇಂಧನದ ಸಂಪರ್ಕಕ್ಕೆ ತಂದು, ಅದರ ಆವಿ ಬೆರೆತ ಗಾಳಿಯನ್ನು ಎಂಜಿನ್ನಿಗೆ ಕೊಡುವ ಏರ್ಪಾಡಿತ್ತು. 1893ರ ಸುಮಾರಿಗೆ ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್, ಹಂಗೇರಿಯ ದೊನಾತ್ ಬಾಂಕಿ ಮತ್ತು ಯಾನೋಷ್ ಚೋಂಕಾ ಇವರು ಸಣ್ಣ ರಂಧ್ರದಿಂದ ಇಂಧನವನ್ನು ತುಂತುರಾಗಿ ಸಿಂಪಡಿಸುವ ಕಾರ್ಬ್ಯುರೇಟರನ್ನು ರೂಪಿಸಿದರು. ನಮ್ಮ ಅಂಬಾಸಿಡರಿಗೂ ಫಿಯೆಟ್ಟಿಗೂ ಬಂದದ್ದು ಇದೇ ವಂಶದ ಕುಡಿ.

ಅದರ ತತ್ವ ವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತವೇ. ಹರಿಯುವ ಗಾಳಿಯ ದಾರಿ ಕಿರಿದಾದಲ್ಲಿ ಅದರ ವೇಗ ಹೆಚ್ಚಿ ಒತ್ತಡ ಕಡಿಮೆಯಾಗುತ್ತದೆ. ಇದನ್ನು 1738ರಲ್ಲಿ ಡ್ಯಾನಿಯಲ್ ಬರ್ನೂಲಿ ತನ್ನ ಗ್ರಂಥದಲ್ಲಿ ವಿವರಿಸಿದ. 1797ರಲ್ಲಿ ಇಟಲಿಯ ಜೊವಾನಿ ಬಟಿಸ್ಟಾ ವೆಂಚುರಿ ಕಿರಿದಾದ ಕೊಳವೆಗಳಲ್ಲಿನ ಹರಿವನ್ನು ಕುರಿತು ಪ್ರಕಟಿಸಿದ. ಕಾರ್ಬ್ಯುರೇಟರಿನ ನಡುವೆ ಇರುವ ಕಿರಿದಾದ ಗಂಟಲಿಗೆ ಇಂದಿಗೂ ವೆಂಚುರಿ ಎಂದೇ ಹೆಸರು. ಎಂಜಿನ್ ಗಾಳಿಯನ್ನು ಎಳೆದಾಗ ಆ ಗಂಟಲಲ್ಲಿ ಒತ್ತಡ ತಗ್ಗುತ್ತದೆ. ಪಕ್ಕದ ಬಟ್ಟಲಿನಲ್ಲಿರುವ ಪೆಟ್ರೋಲು ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಚಿಮ್ಮಿ ಗಾಳಿಯೊಡನೆ ಬೆರೆಯುತ್ತದೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಸೇರಿದರೆ ಪೂರ್ಣ ದಹನಕ್ಕೆ ಸರಿಹೊಂದುತ್ತದೆ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಏರಿಳಿಯದಂತೆ ಕಾಯುವುದು ಒಂದು ತೇಲುಬುರುಡೆ, ಅಂದರೆ ಫ್ಲೋಟ್. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಮಾಡುವ ಕೆಲಸವನ್ನೇ ಅದು ಇಲ್ಲಿ ಮಾಡುತ್ತದೆ.

ಮೈಸೂರಿಗೆ ಬರಬೇಕಿದ್ದ ಕಾರ್ಖಾನೆ

ನಮ್ಮ ದೇಶದಲ್ಲಿ ಕಾರು ತಯಾರಿಕೆಯ ಕತೆಗೆ ಮೈಸೂರು ಸಂಸ್ಥಾನದ ಒಂದು ಅಧ್ಯಾಯವಿದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪ್, ಅಮೆರಿಕಗಳನ್ನು ಸುತ್ತಿ, ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಕೈಜೋಡಿಸಿದರು. ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯುವ ಮಾತುಕತೆಯೂ ನಡೆಯಿತು. ಆದರೆ ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ, ಯೋಜನೆ ನಿಂತುಹೋಯಿತು. ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದೊಡನೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದರು. 1944ರಲ್ಲಿ ಕಾರಿಗಾಗಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಫಿಯೆಟ್ ಎಂದು ನಾವು ಕರೆಯುತ್ತಿದ್ದ ಕಾರು ಬಂದದ್ದು ಅಲ್ಲಿಂದ. 1974ರಲ್ಲಿ ಅದಕ್ಕೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾಯಿತು. ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ ಬಂಗಾಳದ ಉತ್ತರಪಾರದಲ್ಲಿ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ 1950ರ ದಶಕದ ಕೊನೆಗೆ ಅಂಬಾಸಿಡರನ್ನು ತಯಾರಿಸತೊಡಗಿತು.

ಕಾರಿನ ಕಾರ್ಖಾನೆ ಕೈತಪ್ಪಿದರೂ ಬೆಂಗಳೂರಿಗೆ ಅದರ ಬಿಡಿಭಾಗಗಳ ಉದ್ಯಮ ಬಂತು. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಂಪನಿಯ ಸ್ಪಾರ್ಕ್ ಪ್ಲಗ್ಗು ಎಲ್ಲ ಗ್ಯಾರೇಜುಗಳಿಗೂ ಚಿರಪರಿಚಿತ.

ಅಂಬಾಸಿಡರಿನ ಕಾರ್ಬ್ಯುರೇಟರಿಗೂ ಫಿಯೆಟ್ಟಿನದಕ್ಕೂ ಸ್ವಭಾವದಲ್ಲಿ ವ್ಯತ್ಯಾಸವಿತ್ತು. ಅಂಬಾಸಿಡರಿನದು ಎಸ್.ಯು. ಮಾದರಿ. ಸ್ಕಿನ್ನರ್ಸ್ ಯೂನಿಯನ್ ಎಂಬುದರ ಸಂಕ್ಷಿಪ್ತ ರೂಪ ಅದು. ಬ್ರಿಟನ್ನಿನ ಸ್ಕಿನ್ನರ್ ಎಂಬ ಪಾದರಕ್ಷೆ ವ್ಯಾಪಾರಿ ಕುಟುಂಬದವರು ಅದನ್ನು ರೂಪಿಸಿದರು. ಅದರ ಮೊದಲ ಮಾದರಿಗಳಲ್ಲಿ ಚರ್ಮದ ತಿದಿಯೇ ಇತ್ತು. ಅದರಲ್ಲಿ ಗಂಟಲಿನ ಅಗಲ ಎಂಜಿನ್ನಿನ ಬೇಡಿಕೆಗೆ ತಕ್ಕಂತೆ ತಾನೇ ಹಿಗ್ಗಿ ಕುಗ್ಗುತ್ತದೆ; ಒಂದು ಪಿಸ್ಟನ್ ಮೇಲೆ ಕೆಳಗೆ ಆಡುತ್ತ ಒಂದೇ ಜೆಟ್ಟಿನಲ್ಲಿ ಇಳಿಬಿಟ್ಟ ಸೂಜಿಯನ್ನು ಎತ್ತಿ ಇಳಿಸುತ್ತದೆ. ಫಿಯೆಟ್ಟಿನಲ್ಲಿ ಗಂಟಲು ಬದಲಾಗುವುದಿಲ್ಲ. ನಿಧಾನ ಓಟಕ್ಕೆ ಸ್ಲೋ ಜೆಟ್, ಓಟಕ್ಕೆ ಮೇನ್ ಜೆಟ್, ಆಕ್ಸಿಲರೇಟರ್ ಒತ್ತಿದ ಕೂಡಲೇ ಹೆಚ್ಚು ಪೆಟ್ರೋಲ್ ಚಿಮ್ಮಿಸಲು ಸಣ್ಣದೊಂದು ಪಂಪು, ಹೀಗೆ ಕೆಲಸ ಹಂಚಿಕೆಯಾಗಿತ್ತು. ಆದ್ದರಿಂದ ಅಂಬಾಸಿಡರ್ ಬಲ್ಲ ಮೇಸ್ತ್ರಿ, ಫಿಯೆಟ್ ಬಲ್ಲ ಮೇಸ್ತ್ರಿ ಎಂಬ ಎರಡು ಪಂಗಡಗಳೇ ಇದ್ದವು.

ಮೇಸ್ತ್ರಿಯ ತರ್ಕ

ಒಳ್ಳೆಯ ಮೇಸ್ತ್ರಿ ಕಂಡದ್ದನ್ನೆಲ್ಲ ಬಿಚ್ಚುತ್ತಿರಲಿಲ್ಲ. ಮೊದಲು ಕೇಳುತ್ತಿದ್ದ: ಗಾಡಿ ತಟ್ಟನೆ ನಿಂತಿತೋ, ಕೆಮ್ಮಿ ಕೆಮ್ಮಿ ನಿಂತಿತೋ? ತಟ್ಟನೆ ನಿಂತರೆ ಕರೆಂಟಿನ ದೋಷವಿರಬಹುದು. ಕೆಮ್ಮಿ ನಿಂತರೆ ಪೆಟ್ರೋಲಿನ ದೋಷವಿರಬಹುದು. ಈ ಒಂದು ಪ್ರಶ್ನೆಯೇ ಅರ್ಧ ಕೆಲಸವನ್ನು ಉಳಿಸುತ್ತಿತ್ತು.

ಪೆಟ್ರೋಲಿನದೇ ಎಂದು ತೋರಿದರೆ ಟ್ಯಾಂಕಿನಿಂದ ಎಂಜಿನ್ನಿನವರೆಗೆ ಹೆಜ್ಜೆ ಹೆಜ್ಜೆಯಾಗಿ ನಡೆಯುವುದು ಕ್ರಮ. ಮೊದಲು ಟ್ಯಾಂಕಿನ ಮುಚ್ಚಳ. ಅದರ ಗಾಳಿಯ ರಂಧ್ರ ಮುಚ್ಚಿದ್ದರೆ, ಪೆಟ್ರೋಲು ಹೋದಂತೆ ಒಳಗೆ ನಿರ್ವಾತ ಉಂಟಾಗಿ ಹರಿವು ನಿಲ್ಲುತ್ತದೆ. ನಾಲ್ಕಾರು ಮೈಲಿ ಓಡಿ ನಿಲ್ಲುವ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವ ಕಾರಿನ ಮುಚ್ಚಳ ತೆರೆದಾಗ ಬುಸ್ಸೆಂದು ಗಾಳಿ ಒಳನುಗ್ಗಿದರೆ ಕಾಯಿಲೆ ಗೊತ್ತಾದಂತೆ. ಕಾಸು ಖರ್ಚಿಲ್ಲದ ರಿಪೇರಿ ಅದು.

ಆಮೇಲೆ ಕಾರ್ಬ್ಯುರೇಟರಿಗೆ ಬರುವ ಪೈಪನ್ನು ಬಿಚ್ಚಿ, ತುದಿಯನ್ನು ಸಣ್ಣ ಡಬ್ಬಿಯಲ್ಲಿಟ್ಟು, ಎಂಜಿನ್ನನ್ನು ತಿರುಗಿಸುವುದು. ಪೆಟ್ರೋಲು ಚಿಮ್ಮಿ ಚಿಮ್ಮಿ ಬಂದರೆ ಪಂಪು ಸರಿಯಿದೆ, ದೋಷ ಕಾರ್ಬ್ಯುರೇಟರಿನಲ್ಲಿದೆ. ಬಾರದಿದ್ದರೆ ಹಿಂದಕ್ಕೆ ಹೋಗಬೇಕು. ಎಂಜಿನ್ನಿನಿಂದಲೇ ಆಡುವ ಈ ಪಂಪಿನೊಳಗೆ ತೆಳುವಾದ ಡಯಾಫ್ರಾಮ್ ಪೊರೆಯಿದೆ. ಅದು ಹರಿದರೆ ಪೆಟ್ರೋಲು ಎಂಜಿನ್ ಆಯಿಲಿನೊಳಕ್ಕೆ ಇಳಿಯಬಹುದು. ಆಯಿಲಿನ ಗೇಜು ಕಡ್ಡಿ ಎಳೆದು ಮೂಸಿದರೆ ವಾಸನೆಯೇ ಹೇಳುತ್ತದೆ. ಫಿಲ್ಟರಿನ ಗಾಜಿನ ಬಟ್ಟಲಿನಲ್ಲಿ ತಳದಲ್ಲಿ ಗುಂಡು ಗುಂಡಾಗಿ ಹೊರಳುವ ಹನಿ ಕಂಡರೆ ಅದು ನೀರು. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳಕ್ಕಿಳಿಯುತ್ತದೆ.

ಪೆಟ್ರೋಲು ಬಂದೂ ಗಾಡಿ ಓಡದಿದ್ದರೆ ಬಟ್ಟಲನ್ನು ನೋಡಬೇಕು. ಫ್ಲೋಟಿನ ಸೂಜಿ ಕಸ ಸಿಕ್ಕಿ ತೆರೆದೇ ಉಳಿದರೆ ಪೆಟ್ರೋಲು ಉಕ್ಕಿ ಹರಿಯುತ್ತದೆ. ಗ್ಯಾರೇಜಿನ ಮಾತಿನಲ್ಲಿ ಇದು ಓವರ್‌ಫ್ಲೋ. ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿಗೆ ಮೆಲ್ಲಗೆ ತಟ್ಟಿದರೆ ಎಷ್ಟೋ ಸಲ ಕಸ ಬಿಟ್ಟು ಸರಿಹೋಗುತ್ತಿತ್ತು. ಹಿತ್ತಾಳೆಯ ಫ್ಲೋಟು ತೂತಾಗಿದ್ದರೆ ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ಪೆಟ್ರೋಲು ಕುಲುಕಾಡುವ ಸದ್ದು ಬರುತ್ತದೆ. ಬಿಸಿ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಏಳುವ ಕಡೆ ತೂತು. ಒಳಗಿನ ಪೆಟ್ರೋಲನ್ನೆಲ್ಲ ಹೊರಹಾಕಿ ಒಣಗಿಸಿದ ಮೇಲೆಯೇ ಬೆಸುಗೆ, ಅದೂ ತೀರ ತೆಳ್ಳಗೆ. ಬೆಸುಗೆ ದಪ್ಪವಾದರೆ ಫ್ಲೋಟಿನ ತೂಕ ಹೆಚ್ಚಿ ಪೆಟ್ರೋಲಿನ ಮಟ್ಟ ಏರುತ್ತದೆ. ಒಂದು ರೋಗ ಹೋಗಿ ಇನ್ನೊಂದು ಅಂಟುತ್ತದೆ.

ಕೊನೆಯದು ಜೆಟ್. ಗಾಡಿ ಓಡುತ್ತದೆ, ಆದರೆ ನಿಂತಲ್ಲಿ ಆಫ್ ಆಗುತ್ತದೆ ಎಂದರೆ ಸ್ಲೋ ಜೆಟ್ಟಿನ ಮೇಲೆ ಅನುಮಾನ. ನಿಂತಲ್ಲಿ ಸರಿಯಾಗಿದ್ದು ಏರು ಹತ್ತುವಾಗ ಎಳೆಯದಿದ್ದರೆ ಮೇನ್ ಜೆಟ್ಟು ಅಥವಾ ಪಂಪು. ಜೆಟ್ಟನ್ನು ಊದಿ ತೆರೆಯಬೇಕೇ ಹೊರತು ತಂತಿ ತೂರಿಸಬಾರದು ಎಂಬುದು ಗ್ಯಾರೇಜಿನ ಮೊದಲ ಪಾಠ. ಆ ರಂಧ್ರದ ಅಳತೆ ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಲೆಕ್ಕ; ತಂತಿ ಒಮ್ಮೆ ಗೀರಿದರೆ ಅಳತೆ ಕೆಡುತ್ತದೆ, ಪೆಟ್ರೋಲು ಕುಡಿಯುವುದು ಶಾಶ್ವತವಾಗಿ ಹೆಚ್ಚುತ್ತದೆ. ಅಂಬಾಸಿಡರಿನ ಎಸ್.ಯು.ನಲ್ಲಾದರೆ ಮೇಲಿನ ಡ್ಯಾಶ್‌ಪಾಟ್ ಬಿಚ್ಚಿ ಆಯಿಲ್ ಇದೆಯೇ ನೋಡಬೇಕು. ಆಯಿಲ್ ಬತ್ತಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಗಾಡಿ ಒಂದು ಕ್ಷಣ ತಡವರಿಸುತ್ತದೆ. ಎರಡು ಚಮಚೆ ಆಯಿಲಿನ ಕೊರತೆಗೆ ಇಡೀ ಕಾರ್ಬ್ಯುರೇಟರ್ ಬದಲಿಸಿದವರೂ ಇದ್ದಾರೆ.

ಮಿಶ್ರಣ ಸರಿಯಿದೆಯೇ ಎಂದು ತಿಳಿಯಲು ಯಂತ್ರವಿರಲಿಲ್ಲ. ಪ್ಲಗ್ಗು ಬಿಚ್ಚಿ ಬಣ್ಣ ನೋಡುತ್ತಿದ್ದರು. ಬಿಸ್ಕತ್ತಿನ ಬಣ್ಣವಿದ್ದರೆ ಸರಿ. ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲು ಕಡಿಮೆ, ಎಂಜಿನ್ ಕಾಯುತ್ತಿದೆ ಎಂದರ್ಥ.

ಬಿಸಿಲು, ಘಟ್ಟ ಮತ್ತು ಒದ್ದೆ ಬಟ್ಟೆ

ಕೆಲವು ದೋಷಗಳು ಕಾರಿನವಲ್ಲ, ಹವೆಯವು. ಪೆಟ್ರೋಲಿನಲ್ಲಿರುವ ಅತಿ ಹಗುರ ಅಂಶಗಳು 40 ಡಿಗ್ರಿಗೂ ಕಡಿಮೆ ಉಷ್ಣತೆಯಲ್ಲೇ ಕುದಿಯತೊಡಗುತ್ತವೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಶಿರಾಡಿಯನ್ನೋ ಚಾರ್ಮಾಡಿಯನ್ನೋ ತುಂಬಿದ ಕಾರು ಹತ್ತುವಾಗ, ಎಂಜಿನ್ನಿನ ಕಾವಿಗೆ ಪಂಪಿನಲ್ಲೂ ಪೈಪಿನಲ್ಲೂ ಪೆಟ್ರೋಲು ಆವಿಯಾಗಿ ಗುಳ್ಳೆ ಕಟ್ಟುತ್ತಿತ್ತು. ಪಂಪು ದ್ರವವನ್ನು ಎಳೆಯಬಲ್ಲದು, ಗುಳ್ಳೆಯನ್ನು ಎಳೆಯಲಾರದು. ಡ್ರೈವರುಗಳು ಇದಕ್ಕೆ ಏರ್ ಲಾಕ್ ಎನ್ನುತ್ತಿದ್ದರು. ಮದ್ದು ಸುಲಭ: ಗಾಡಿಯನ್ನು ನೆರಳಿಗೆ ನಿಲ್ಲಿಸಿ, ಬಾನೆಟ್ ತೆರೆದು, ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯುವುದು. ಘಟ್ಟದ ತೊರೆಗಳ ಬಳಿ ಬಾನೆಟ್ ತೆರೆದು ನಿಂತ ಕಾರುಗಳ ಸಾಲು ಆ ತಲೆಮಾರಿನವರಿಗೆ ನೆನಪಿರಬೇಕು.

ಎತ್ತರದ ಊರುಗಳಲ್ಲಿ ಇನ್ನೊಂದು ತೊಂದರೆ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ಬಯಲಿಗಿಂತ ಐದರಲ್ಲಿ ಒಂದು ಪಾಲಿನಷ್ಟು ತೆಳು. ಬಯಲಿನಲ್ಲಿ ಟ್ಯೂನ್ ಮಾಡಿದ ಕಾರ್ಬ್ಯುರೇಟರಿಗೆ ಅದು ತಿಳಿಯದು. ಪೆಟ್ರೋಲು ಗಾಳಿಗಿಂತ ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ, ಎಳೆತ ಕುಗ್ಗುತ್ತದೆ.

ಕೈ ಬೆರಳಿಗೆ ಅಂಟಿದ ವಿಷ

ಈ ಚರಿತ್ರೆಯನ್ನು ಹೊಗಳಿಕೆಯಾಗಿ ಮಾತ್ರ ಬರೆದರೆ ಅನ್ಯಾಯವಾದೀತು. ಎಂಜಿನ್ ಬಡಿಯದಿರಲೆಂದು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ಪದ್ಧತಿ 1920ರ ದಶಕದಲ್ಲಿ ಅಮೆರಿಕದಲ್ಲಿ ಆರಂಭವಾಗಿ ಜಗತ್ತಿಗೆಲ್ಲ ಹರಡಿತು. ನಮ್ಮ ದೇಶದಲ್ಲಿ ಸೀಸವುಳ್ಳ ಪೆಟ್ರೋಲಿನ ಮಾರಾಟ ಪೂರ್ತಿ ನಿಂತದ್ದು 2000ದ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಗ್ಯಾರೇಜಿನ ಹುಡುಗರು ಅದೇ ಪೆಟ್ರೋಲಿನಲ್ಲಿ ಕೈ ತೊಳೆದರು, ರಬ್ಬರ್ ಪೈಪಿಗೆ ಬಾಯಿಟ್ಟು ಎಳೆದರು, ಜೆಟ್ಟುಗಳನ್ನು ತುಟಿಗಿಟ್ಟು ಊದಿದರು. ಸೀಸ ನರಮಂಡಲಕ್ಕೆ ವಿಷ, ಅದರಲ್ಲೂ ಮಕ್ಕಳಿಗೆ. ಹತ್ತು ಹನ್ನೆರಡು ವರ್ಷಕ್ಕೇ ಶಾಲೆ ಬಿಟ್ಟು ಗ್ಯಾರೇಜು ಸೇರಿದ ಹುಡುಗರಿಗೆ ಇದನ್ನು ಹೇಳಿದವರು ಯಾರೂ ಇರಲಿಲ್ಲ.

ಕಲಬೆರಕೆಯೂ ಇತ್ತು. ಪಡಿತರದ ಸೀಮೆಎಣ್ಣೆ ಅಗ್ಗ, ಪೆಟ್ರೋಲು ದುಬಾರಿ. ಎರಡನ್ನೂ ಬೆರೆಸಿ ಮಾರುವವರಿಗೆ ಲಾಭ. ಅಂಥ ಪೆಟ್ರೋಲಿನಿಂದ ಎಂಜಿನ್ ಬಡಿಯುತ್ತದೆ, ಪ್ಲಗ್ಗು ಮಸಿ ಹಿಡಿಯುತ್ತದೆ, ಹೊಗೆ ಹೆಚ್ಚುತ್ತದೆ. ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿದರೆ ಒಳ್ಳೆಯ ಪೆಟ್ರೋಲು ಕಲೆಯುಳಿಸದೆ ಆರುತ್ತದೆ ಎಂಬ ಪರೀಕ್ಷೆ ಮೇಸ್ತ್ರಿಗಳಿಗೆ ಗೊತ್ತಿತ್ತು. ಈ ಕಲಬೆರಕೆಯನ್ನು ತಡೆಯಹೋಗಿ ಪ್ರಾಣ ತೆತ್ತ ಎಸ್. ಮಂಜುನಾಥ್ ಅವರನ್ನು ಕನ್ನಡ ನಾಡು ಮರೆಯಬಾರದು. ಕೋಲಾರ ಜಿಲ್ಲೆಯ ಈ ಯುವಕ ಮೈಸೂರಿನ ಎಸ್.ಜೆ.ಸಿ.ಇ. ಕಾಲೇಜಿನಲ್ಲಿ ಎಂಜಿನಿಯರಿಂಗ್, ಲಖನೌದ ಐಐಎಂನಲ್ಲಿ ಆಡಳಿತ ಕಲಿತು ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾದರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕಿನ ವಿರುದ್ಧ ಕ್ರಮ ಕೈಗೊಂಡಿದ್ದಕ್ಕೆ 2005ರ ನವೆಂಬರ್ 19ರಂದು ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರಿಗೆ 27 ವರ್ಷ.

ಕಾರ್ಬ್ಯುರೇಟರಿನ ನಿರ್ಗಮನ

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗಲೂ ಅದರಲ್ಲಿದ್ದದ್ದು ಕಾರ್ಬ್ಯುರೇಟರೇ. ಅದಕ್ಕೆ ಕುತ್ತು ತಂದದ್ದು ನಗರಗಳ ಹೊಗೆ. 1995ರಿಂದ ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. 2000ದ ಏಪ್ರಿಲ್‌ನಿಂದ ದೇಶದಾದ್ಯಂತ ಹೊಗೆಯ ನಿಯಮಗಳು ಬಿಗಿಯಾದವು. ಆ ಕನ್ವರ್ಟರ್ ಪೂರ್ಣವಾಗಿ ಕೆಲಸ ಮಾಡಬೇಕಾದರೆ ಮಿಶ್ರಣ ಆ 14.7ರ ಆಸುಪಾಸಿನಲ್ಲೇ ಸದಾ ನಿಲ್ಲಬೇಕು. ಬಿಸಿಲು, ಘಟ್ಟ, ಕಸಗಳಿಗೆ ಬಗ್ಗುವ ಕಾರ್ಬ್ಯುರೇಟರಿನಿಂದ ಅದು ಸಾಧ್ಯವಿಲ್ಲ. ಹೊಗೆಯ ಆಮ್ಲಜನಕವನ್ನು ಅಳೆಯುವ ಸೆನ್ಸರು, ಲೆಕ್ಕ ಹಾಕುವ ಕಂಪ್ಯೂಟರು, ಪೆಟ್ರೋಲು ಚಿಮುಕಿಸುವ ಇಂಜೆಕ್ಟರು ಅದರ ಜಾಗಕ್ಕೆ ಬಂದವು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದಾಗ ಹೊಸ ಬೈಕು ಸ್ಕೂಟರುಗಳೂ ಅದೇ ದಾರಿ ಹಿಡಿದವು.

ಗಾಳಿಗೆ ಇದರಿಂದ ಒಳಿತಾಯಿತು. ಸಣ್ಣ ಗ್ಯಾರೇಜಿಗೆ ಮಾತ್ರ ಏಟು ಬಿತ್ತು. ದೋಷ ಓದಲು ಸ್ಕ್ಯಾನರ್ ಬೇಕು, ಅದರ ಮಾತು ತಿಳಿಯಲು ತರಬೇತಿ ಬೇಕು. ಮೂವತ್ತು ವರ್ಷ ಕಿವಿಯಿಂದಲೇ ಕಾಯಿಲೆ ಗುರುತಿಸಿದವರು ಬಾಗಿಲು ಮುಚ್ಚಿದರು, ಇಲ್ಲವೇ ಬೈಕು, ಟಿಲ್ಲರು, ಪಂಪ್‌ಸೆಟ್ಟುಗಳ ಕಡೆಗೆ ತಿರುಗಿದರು.

ಆದರೂ ಅವರ ವಿದ್ಯೆಯ ಕೆಲಸ ಮುಗಿದಿಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ದೊರೆಯಿತು. ಕಬ್ಬು ಬೆಳೆಯುವ ನಮ್ಮ ರೈತರಿಗೆ ಅದರಿಂದ ಅನುಕೂಲವಿದೆ. ಹಳೆಯ ಕಾರಿಗೆ ಮಾತ್ರ ಎಚ್ಚರಿಕೆ ಬೇಕು. ಎಥೆನಾಲ್ ನೀರನ್ನು ಹೀರುತ್ತದೆ. ಹಳೆಯ ಕಾಲದ ರಬ್ಬರ್ ಪೈಪು, ಡಯಾಫ್ರಾಮ್, ವಾಷರುಗಳನ್ನು ಉಬ್ಬಿಸಿ ಸಡಿಲಿಸುತ್ತದೆ. ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕೂತ ಜಿಡ್ಡನ್ನು ಕರಗಿಸಿ ತಂದು ಜೆಟ್ಟಿಗೆ ಕಟ್ಟುತ್ತದೆ. ಎಥೆನಾಲ್ ಉರಿಯಲು ಗಾಳಿ ಕಡಿಮೆ ಸಾಕಾದ್ದರಿಂದ, ಹಳೆಯ ಜೆಟ್ಟಿನ ಅಳತೆಗೆ ಮಿಶ್ರಣ ತೆಳುವಾಗುತ್ತದೆ. ಮನೆಯಲ್ಲಿ ಅಜ್ಜನ ಕಾಲದ ಕಾರನ್ನೋ ಹಳೆಯ ಬೈಕನ್ನೋ ಉಳಿಸಿಕೊಂಡವರು ಪೈಪುಗಳನ್ನು ಎಥೆನಾಲ್ ತಾಳುವ ಹೊಸ ಪೈಪುಗಳಿಗೆ ಬದಲಿಸಿ, ಫಿಲ್ಟರನ್ನು ಆಗಾಗ ನೋಡಿ, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಬಟ್ಟಲಿನ ಪೆಟ್ರೋಲನ್ನು ಖಾಲಿ ಮಾಡಿಡುವುದು ಒಳ್ಳೆಯದು. ಪೈಪಿನಿಂದ ಸೋರುವ ಪೆಟ್ರೋಲು ಕಾದ ಎಂಜಿನ್ನಿನ ಮೇಲೆ ಬಿದ್ದರೆ ಗಾಡಿಯೇ ಸುಟ್ಟುಹೋದೀತು.

ಶಾಲೆಗೆ ಒಂದು ಸಲಹೆ

ಬರ್ನೂಲಿಯ ತತ್ವ, ಒತ್ತಡ, ಸಾಂದ್ರತೆ, ಆವಿಯಾಗುವಿಕೆ, ದಹನ, ತೇಲುವಿಕೆ: ಇಷ್ಟು ಪಾಠಗಳು ಅಂಗೈಯಲ್ಲಿ ಹಿಡಿಯುವ ಒಂದು ವಸ್ತುವಿನಲ್ಲಿ ಅಡಗಿವೆ. ಗುಜರಿಯಲ್ಲಿ ಹಳೆಯ ಕಾರ್ಬ್ಯುರೇಟರು ಇಂದಿಗೂ ಸಿಕ್ಕೀತು. ಹಳೆಯ ವಿದ್ಯಾರ್ಥಿಗಳು ಅಂಥದೊಂದನ್ನು ಚೆನ್ನಾಗಿ ತೊಳೆದು, ಪಕ್ಕ ಕತ್ತರಿಸಿ ಒಳಭಾಗ ಕಾಣುವಂತೆ ಮಾಡಿ ಶಾಲೆಯ ಪ್ರಯೋಗಾಲಯಕ್ಕೆ ಕೊಡಬಹುದು. ಅದಕ್ಕಿಂತ ದೊಡ್ಡ ಕೊಡುಗೆ ಇನ್ನೊಂದಿದೆ. ನಮ್ಮ ಸುತ್ತಲ ಊರುಗಳಲ್ಲಿ ಇನ್ನೂ ಇರುವ ಹಿರಿಯ ಮೇಸ್ತ್ರಿಗಳನ್ನು ಒಂದು ಮಧ್ಯಾಹ್ನ ಶಾಲೆಗೆ ಕರೆಸಿ, ಅವರ ಮಾತನ್ನು ಮಕ್ಕಳಿಂದಲೇ ಬರೆಸಿ ಇಡಬೇಕು. ಅವರಲ್ಲಿ ಎಷ್ಟೋ ಜನ ಎಸ್ಸೆಸ್ಸೆಲ್ಸಿ ಮುಗಿಸದವರು, ಶಾಲೆಯ ವೇದಿಕೆ ತಮ್ಮದಲ್ಲ ಎಂದು ದೂರ ನಿಂತವರು. ಕಂಡದ್ದರಿಂದ ಕಾಣದ್ದನ್ನು ಊಹಿಸುವುದು, ಊಹೆಯನ್ನು ಪರೀಕ್ಷಿಸುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು ಎಂದು ವಿಜ್ಞಾನದ ಮೇಷ್ಟ್ರು ಕರಿಹಲಗೆಯ ಮೇಲೆ ಬರೆಯುವ ಕ್ರಮವನ್ನೇ ಅವರು ಬಾನೆಟ್ಟಿನ ಕೆಳಗೆ ಜೀವನವಿಡೀ ನಡೆಸಿದ್ದಾರೆ. ಐವತ್ತರ ಸಂಭ್ರಮದಲ್ಲಿ ಅವರಿಗೂ ಒಂದು ಶಾಲು, ಒಂದು ಹಾರ ಸಲ್ಲಲಿ.